ದೇವರಿಗೆ ದೇಹವುಂಟೋ ಎಂದು ಅವ್ವನನ್ನು ಕೇಳಿದ್ದು

ಆಗ ನನಗೆ ಇಪ್ಪತ್ತಾರು ವರ್ಷ. ಈಗ ಎಂಬತ್ತೆರಡು. ಐವತ್ತಾರು ವರ್ಷದ ಹಿಂದಿನ ಮಾತು ಅಂತಾಯಿತು. ನಡೆದದ್ದು ಹುಬ್ಬಳ್ಳಿಯಲ್ಲಿ; ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಪೂರ್ತಿ ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ನಾವು ಕಿರಿಸ್ತಾನರು. ಅಂದರೆ ಅಪ್ಪ ಮತ್ತು ನಾನು. ಅವ್ವ ಆಗಿರಲಿಲ್ಲ. ಅಪ್ಪ ಗೌಂಡಿ. ಮಿಶನ್ನಿನವರ ಕಟ್ಟಡದ ಕೆಲಸಕ್ಕೆ ಹೋಗಿ ಹೋಗಿ, ಅಲ್ಲಿಯ ಮಾತು ಕೇಳಿ ಕೇಳಿ, ಒಂದು ದಿನ ದೀಕ್ಷಾಸ್ನಾನ ತೆಗೆದುಕೊಂಡ. ಕೂಸಾಗಿದ್ದ ನನ್ನನ್ನೂ ಎತ್ತಿಕೊಂಡು ಹೋಗಿ ತಲೆಗೆ ನೀರು ಹಾಕಿಸಿದ. ಅವ್ವ ಹೋಗಲಿಲ್ಲ. ಅವಳು ಧಾರವಾಡದ ಹತ್ತಿರದ ಗರಗ ಎಂಬ ಊರಿನವಳು, ತವರಿನವರೆಲ್ಲ ನೂಲುವವರು, ನೇಯುವವರು. "ನೀವಿಬ್ರೂ ಹೋಗ್ರಿ, ನಾ ಮನಿ ಕಾಯ್ತೇನಿ" ಎಂದಳಂತೆ. ಅಪ್ಪ ಒತ್ತಾಯ ಮಾಡಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅವ್ವ ಮನೆ ಕಾದಳು. ಭಾನುವಾರ ನಾವು ಪ್ರಾರ್ಥನೆಗೆ ಹೋದರೆ ಅವಳು ರಾಟಿ ಮುಂದೆ ಇಟ್ಟುಕೊಂಡು ನೂಲು ತೆಗೆಯುತ್ತಿದ್ದಳು. ನಾವು ಬರುವ ಹೊತ್ತಿಗೆ ರೊಟ್ಟಿ ಬಿಸಿಯಾಗಿರುತ್ತಿತ್ತು.

ಅಪ್ಪ ಸತ್ತ ಮೇಲೆ ಅವಳ ಮನಸ್ಸು ತಿರುಗಿತು. ದೇವರ ಕಡೆಗಲ್ಲ, ಅಪ್ಪನ ಕಡೆಗೆ. ಅಪ್ಪನನ್ನು ಮಿಶನ್ನಿನ ಮಸಣದಲ್ಲಿ ಇಟ್ಟಿದ್ದರು. ಸುತ್ತ ಕಲ್ಲಿನ ಗೋಡೆ, ಒಳಗೆ ಬೇವಿನ ಮರ. ಅಪ್ಪನ ಎಡಗಡೆ ಒಬ್ಬರಿಗೆ ಆಗುವಷ್ಟು ಜಾಗ ಖಾಲಿ ಇತ್ತು. ಅವ್ವ ಹದಿನೈದು ದಿನಕ್ಕೊಮ್ಮೆ ಹೋಗಿ ಅಲ್ಲಿ ಕುಳಿತು ಬರುತ್ತಿದ್ದಳು. ಒಂದು ದಿನ ಬಂದವಳೇ ಕೇಳಿದಳು:

"ಆ ಬಾಜೂಕಿನ ಜಾಗಾ ನನಗ ಬೇಕಾಗೇತಿ. ಏನ್ ಮಾಡಬೇಕು ಹೇಳು."

"ನೀರು ಹಾಕಿಸ್ಕೋಬೇಕು ಬೇ. ದೀಕ್ಷಾಸ್ನಾನ ಆಗದವರನ್ನ ಗ್ವಾಡಿ ಒಳಗ ಇಡಂಗಿಲ್ಲ."

"ಹಾಕಿಸ್ಕೋತೇನಿ ಬಿಡು. ನೀರಲ್ಲೇನು, ಬೆಂಕಿ ಅಲ್ಲಲ್ಲ."

ನೀರು ಸುಮ್ಮನೆ ಹಾಕುತ್ತಿರಲಿಲ್ಲ. ದೊಡ್ಡವರಾದ ಮೇಲೆ ಸಭೆಗೆ ಸೇರುವವರು ಪ್ರಶ್ನೋತ್ತರದ ಪುಸ್ತಕ ಬಾಯಿಪಾಠ ಮಾಡಬೇಕಿತ್ತು. ನಲವತ್ತು ಪ್ರಶ್ನೆ, ನಲವತ್ತು ಉತ್ತರ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಮತ್ತು ಮೂವರು ಹಿರಿಯರು ಕುಳಿತು ಕೇಳುತ್ತಿದ್ದರು. ಒಂದೆರಡು ತಪ್ಪಿದರೆ ತಿದ್ದುತ್ತಿದ್ದರು. ದೇವರ ವಿಷಯದ ಪ್ರಶ್ನೆಗಳನ್ನು ಮಾತ್ರ ತಪ್ಪುವ ಹಾಗಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಆ ಪುಸ್ತಕದಿಂದ. ಅದರ ಆಚೆಗೆ ಹೆಚ್ಚು ಓದಿದವಳಲ್ಲ.

ಗಂಡ ಮುಂಬಯಿ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ, ಅವನ ಕಥೆ ಇಲ್ಲಿ ಬೇಡ. ಮಿಶನ್ ಕಂಪೌಂಡಿನ ಸಾಲುಮನೆಗಳಲ್ಲಿ ಒಂದು ಖೋಲಿ ನಮ್ಮದು, ಅವ್ವ ಮತ್ತು ನಾನು ಇಬ್ಬರೇ. ಸಂಜೆ ಕೆಲಸದಿಂದ ಬಂದು ಅವಳಿಗೆ ಪಾಠ ಹೇಳುತ್ತಿದ್ದೆ. ಅವಳು ರಾಟಿ ತಿರುಗಿಸುತ್ತ ಕೇಳುತ್ತಿದ್ದಳು. ಆರನೆಯ ಪ್ರಶ್ನೆಯ ತನಕ ಸರಿಯಾಗಿ ಬಂದಳು. ಏಳನೆಯದು: ದೇವರಿಗೆ ದೇಹವುಂಟೋ? ಉತ್ತರ: ಇಲ್ಲ, ದೇವರು ಆತ್ಮನು, ಆತನಿಗೆ ಮಾಂಸವೂ ಎಲುಬೂ ಇಲ್ಲ. ಎಂಟನೆಯದು: ದೇವರು ಎಷ್ಟು ಮಂದಿ? ಉತ್ತರ: ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರು.

"ಮೂರ ಅಂತಿ, ಮತ್ತ ಒಂದ ಅಂತಿ" ಎಂದಳು ಅವ್ವ. "ನೂಲಿನ ಲಡಿ ಹಿಂಗ ಎಣಿಸಿ ಕೊಟ್ಟರ ಗರಗದಾಗ ನನ್ನ ಮಾರಿಗೆ ಒಗೀತಿದ್ರು."

"ನೂಲಲ್ಲ ಬೇ ಅದು. ತಿಳೀಬೇಕು ಅಂತಿಲ್ಲ, ಅನ್ನಬೇಕು ಅಷ್ಟ."

"ಮೈ ಇಲ್ಲ ಅಂದ್ರ ಗಾಳಿ ಏನು?"

"ಗಾಳಿನೂ ಅಲ್ಲ."

"ಗಾಳಿನೂ ಅಲ್ಲ! ನಿಮ್ಮಪ್ಪ ಇದಕ್ಕ ಕೈ ಮುಗೀತಿದ್ದನೇನು?"

ನನಗೂ ತಿಳಿದಿರಲಿಲ್ಲ. ಬಾಯಲ್ಲಿ ಬರುತ್ತಿತ್ತು, ಅಷ್ಟೇ. ಆದರೆ ತಿಳಿಯದ್ದನ್ನು ನಾನು ಅನ್ನಬಲ್ಲವಳಾಗಿದ್ದೆ. ಅವ್ವ ಹಾಗಲ್ಲ. ಅವಳಿಗೆ ಒಂದು ಮಾತು ಅನ್ನಬೇಕಾದರೆ ಅದು ಒಳಗೆ ಇಳಿದಿರಬೇಕಿತ್ತು. ಆದರೂ ಮೂರು ವಾರ ಹೇಳಿ ಹೇಳಿ ಬಾಯಿಗೆ ಕೂಡಿಸಿದೆ.

ಅಷ್ಟರಲ್ಲಿ ಅಯ್ಯನವರು ಮನೆಗೆ ಬಂದರು. ಅವರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಓದಿದವರು, ಮೆತ್ತಗಿನ ಮಾತು. ಪಾಠ ಹೇಗೆ ನಡೆದಿದೆ ಎಂದು ಕೇಳಿದರು. ಅವ್ವ ಪಾಠ ಒಪ್ಪಿಸುವುದು ಬಿಟ್ಟು ತನ್ನದೇ ಪ್ರಶ್ನೆ ತೆಗೆದಳು.

"ಅಯ್ನೋರ, ಸತ್ತ ಮ್ಯಾಲೆ ಅಲ್ಲಿ ನನ್ನ ಗಂಡ ಸಿಗ್ತಾನಲ್ರಿ?"

"ಸಿಗ್ತಾರವ್ವಾ. ಕಡೀ ದಿನ ಎಲ್ಲಾರೂ ಮೈಯೊಳಗ ಏಳ್ತೇವಿ."

"ಎದ್ದ ಮ್ಯಾಲೆ ನನ್ನ ಗಂಡ ಅಂತನ ಇರ್ತಾನಲ್ರಿ?"

"ಇಲ್ಲವ್ವಾ. ಅಲ್ಲಿ ಲಗ್ನ ಇಲ್ಲ. ಗಂಡ ಹೆಂಡ್ತಿ ಅನ್ನೂದು ಈ ಲೋಕದಾಗ ಅಷ್ಟ. ಅಲ್ಲಿ ಎಲ್ಲಾರೂ ದೇವರ ಮಕ್ಕಳು."

ಅವರು ಹೋದ ಮೇಲೆ ಅವ್ವ ಪುಸ್ತಕ ತೆಗೆದು ಗೂಡಿನಲ್ಲಿಟ್ಟಳು. "ಬ್ಯಾಡ ಬಿಡು. ಗಂಡ ಅಲ್ಲದವನ ಬಾಜೂಕ ಯಾಕ ಮಲಗಲಿ?" ಎಂದಳು. ನಾನು ಎಷ್ಟು ಹೇಳಿದರೂ ಪುಸ್ತಕ ಮುಟ್ಟಲಿಲ್ಲ. ಬೇಸಿಗೆ ಮುಂದಿತ್ತು, ಅವಳಿಗೆ ಆಗಲೇ ಕೆಮ್ಮು. ಸತ್ತರೆ ಎಲ್ಲಿ ಇಡುವುದು? ಗರಗದವರು ಕಿರಿಸ್ತಾನರ ಮನೆಯ ಹೆಣ ಅಂತ ಮುಟ್ಟುವುದಿಲ್ಲ. ಮಿಶನ್ನಿನವರು ಗೋಡೆ ಒಳಗೆ ಬಿಡುವುದಿಲ್ಲ. ನನಗೆ ಹೆದರಿಕೆಯಾಯಿತು.

ಇನ್ನು ಸಾಹೇಬರ ಮಾತು. ನಾನು ಅಡಿಗೆಗೆ ಇದ್ದದ್ದು ಸ್ಟೇಶನ್ ಆಚೆಗಿನ ಒಂದು ಬಂಗಲೆಯಲ್ಲಿ. ಹತ್ತಿ ಬಿಡಿಸುವ ಜಿನ್ನಿನ ಮಾಲೀಕರದು ಅದು. ಹೊರಗಿನಿಂದ ಯಂತ್ರ ಕೂಡಿಸಲು ಬಂದವರು ಅಲ್ಲಿ ಇಳಿಯುತ್ತಿದ್ದರು. ಬಡಿಸಲು ಗೋವೆಯ ಒಬ್ಬ ಮುದುಕ ಬಟ್ಲರ್ ಇದ್ದ, ರೋಮನ್ ಕೆಥೋಲಿಕ್ ಸಭೆಯವನು, ನಮ್ಮ ಸಭೆಯವನಲ್ಲ. ನಾನು ಕಾಕಾ ಎನ್ನುತ್ತಿದ್ದೆ. ಇಂಗ್ಲಿಷು ಅವನಿಗೆ ನೀರು ಕುಡಿದ ಹಾಗೆ. ಆ ವರ್ಷ ಬಂದವರು ಅಮೇರಿಕದ ಸಾಹೇಬರು. ಉದ್ದಕ್ಕೆ ಇದ್ದರು, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು.

ಮೊದಲ ದಿನ ಬೆಳಿಗ್ಗೆ ನಾನು ಕಳಿಸಿದ ಚಹಾ ಹಾಗೆಯೇ ತಿರುಗಿ ಬಂತು.

"ಯಾಕ ಕಾಕಾ, ಕಹಿ ಆಗಿತ್ತೇನು?"

"ಚಹಾನ ಕುಡ್ಯಂಗಿಲ್ಲಂತ. ಕಾಫಿನೂ ಇಲ್ಲಂತ. ಸೆರೆ ಇಲ್ಲ, ತಂಬಾಕ ಇಲ್ಲ. ಬಿಸಿ ಹಾಲು ಕಾಸಿ ಕೊಡು."

"ಬ್ರಾಹ್ಮಣರೇನು ಮತ್ತ?"

"ಬ್ರಾಹ್ಮಣರು ಚಹಾ ಕುಡೀತಾರಲ್ಲ ಹುಚ್ಚಿ! ಇವರದು ಮಾರ್ಮನ್ ಅಂತ ಬ್ಯಾರೇನ ಪಂಥ. ಕಿರಿಸ್ತಾನರ ಅಂತ ಹೇಳ್ತಾರ. ನಮ್ಮವರು ಒಪ್ಪಂಗಿಲ್ಲ, ನಿಮ್ಮವರೂ ಒಪ್ಪಂಗಿಲ್ಲ. ನಿಮ್ಮವರು ನಮ್ಮವರು ಕೂಡಿ ಒಪ್ಪಿದ್ದು ಇದೊಂದ ಮಾತು ಇರಬೇಕು."

ಸಾಹೇಬರ ಮೇಜಿನ ಮೇಲೆ ಒಬ್ಬ ಹೆಂಗಸಿನ ಫೋಟೋ ಇತ್ತು. ಧೂಳು ಒರೆಸುವಾಗ ದಿನಾ ನೋಡುತ್ತಿದ್ದೆ. ಅವ್ವ ಪುಸ್ತಕ ಮುಚ್ಚಿಟ್ಟ ವಾರದಲ್ಲೇ ಒಂದು ಮಧ್ಯಾಹ್ನ, ಸಾಹೇಬರು ಊಟಕ್ಕೆ ಕುಳಿತಿದ್ದಾಗ, ನಾನು ಬಾಗಿಲಲ್ಲಿ ನಿಂತು ಕಾಕಾನ ಬಾಯಲ್ಲಿ ಕೇಳಿಸಿದೆ: ಮೇಮ್‌ಸಾಹೇಬರು ಯಾಕೆ ಬಂದಿಲ್ಲ? ಸಾಹೇಬರು ಚಮಚ ಇಟ್ಟರು. ಸತ್ತು ಆರು ವರ್ಷವಾಯಿತು ಎಂದರು. ನಾನು ಲೊಚಗುಟ್ಟಿ, "ಛಲೋ ಹೆಂಡ್ತಿ ಇದ್ಲು ಅಂತ ಕಾಣ್ತೈತಿ" ಎಂದೆ. ಕಾಕಾ ಹೇಳಿದ. ಸಾಹೇಬರು ತಲೆ ಅಲ್ಲಾಡಿಸಿ ಏನೋ ತಿದ್ದಿದರು.

"ಇದ್ಲು ಅನ್ನಬ್ಯಾಡ ಅಂತಾರ" ಎಂದ ಕಾಕಾ. "ಅದಾಳಂತ. ಅವರ ದೊಡ್ಡ ಗುಡಿಯೊಳಗ ಲಗ್ನ ಮಾಡಿದ್ರ ಸತ್ತರೂ ಹರಿಯೂದಿಲ್ಲಂತ. ಯಾವತ್ತೂ ಗಂಡ ಹೆಂಡ್ತಿನ ಅಂತ."

ನನ್ನ ಕೈಯಲ್ಲಿದ್ದ ಅರಿವೆ ಹಾಗೆಯೇ ಉಳಿಯಿತು. "ದೇವರಿಗೇ ಮೈ ಇಲ್ಲ, ಅಲ್ಲಿ ಇವರು ಹ್ಯಾಂಗ ಸಂಸಾರ ಮಾಡ್ತಾರಂತ ಕೇಳು ಕಾಕಾ."

ಸಾಹೇಬರು ನಗಲಿಲ್ಲ. ಬೇಸರವಿಲ್ಲದೆ ತಡೆತಡೆದು ಹೇಳಿದರು. ಕಾಕಾ ಒಂದೊಂದು ಮಾತಿಗೂ ಎದೆಯ ಮೇಲೆ ಶಿಲುಬೆ ಹಾಕಿಕೊಂಡು ಕನ್ನಡ ಮಾಡಿದ. "ದೇವರಿಗೆ ಮೈ ಐತಂತ. ನಮ್ಮ ನಿಮ್ಮಂಗ ಮಾಂಸ, ಎಲುಬು. ಮುಟ್ಟಿದ್ರ ಕೈಗೆ ಹತ್ತತಾನಂತ. ಮಗನಿಗೂ ಐತಿ, ಬ್ಯಾರೇ ಮೈ. ಪವಿತ್ರಾತ್ಮಗ ಮಾತ್ರ ಇಲ್ಲಂತ. ಮೂರೂ ಬ್ಯಾರೆ ಬ್ಯಾರೆ, ಮನಸ್ಸು ಮಾತ್ರ ಒಂದಂತ. ನಮಗೆಲ್ಲಾ ಅಲ್ಲೊಬ್ಬ ತಾಯಿನೂ ಅದಾಳಂತ, ಆದ್ರ ಅಕಿಗೆ ಪ್ರಾರ್ಥನಾ ಮಾಡಂಗಿಲ್ಲಂತ." ಆಮೇಲೆ ಸಾಹೇಬರು ಇನ್ನೊಂದು ಮಾತು ಹೇಳಿದರು. ಕಾಕಾ ಅದನ್ನು ಕನ್ನಡ ಮಾಡದೆ ತಟ್ಟೆ ಎತ್ತಲು ಹೋದ.

"ಏನಂದ್ರು?"

"ಅದನ್ನ ನಾ ಹೇಳಂಗಿಲ್ಲ." ಮತ್ತೆ ತಾನೇ ತಡೆಯಲಾರದೆ ಹೇಳಿದ, "ಮನಶ್ಯಾ ಬೆಳಕೋತ ಬೆಳಕೋತ ಹೋದ್ರ ದೇವರಂಗ ಆಗಬಹುದಂತ. ನೋಡವ್ವಾ, ನಾ ಬರೇ ತರ್ಜುಮಾ ಮಾಡಾಕತ್ತೇನಿ. ಪಾಪ ನನಗ ಹತ್ತಬಾರದು."

ಇದನ್ನೆಲ್ಲ ನಾನು ನಂಬಿದೆನೇ? ಇಲ್ಲ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ ಎಂದು ಹೊಳೆಯಿತು. ನನ್ನ ತಪ್ಪು ಅಲ್ಲೇ ಶುರುವಾಯಿತು. ಅವ್ವನನ್ನು ಪರೀಕ್ಷೆಗೆ ಕೂಡಿಸಬೇಕಿತ್ತು, ಅದಕ್ಕೆ ಏನಾದರೂ ಆಸೆ ತೋರಿಸಬೇಕಿತ್ತು. ಹೋದವಳೇ ಎಲ್ಲ ಹೇಳಿದೆ. ಮೈ ಇರುವ ದೇವರು, ಮೂವರು ಮೂವರೇ ಆಗಿರುವುದು, ಹರಿಯದ ಲಗ್ನ, ಎಲ್ಲ.

ಅವ್ವ ರಾಟಿ ನಿಲ್ಲಿಸಿದಳು.

"ಆ ಸಾಹೇಬ ಓದಿದಾಂವೇನು?"

"ಭಾಳ ಓದ್ಯಾರ. ಯಂತ್ರ ಕೂಡಸ್ತಾರ."

"ಹೆಂಡ್ತಿ ಸತ್ತಾಳೇನು ಅವಗ?"

"ಹೂಂ."

"ಹಂಗಾರ ಅವಗ ಗೊತ್ತಿರತೈತಿ" ಎಂದಳು. "ಕೈ ಅದಾವ ಅಂದ್ರ ಆತು. ಮಾಡಿದಾಂವಗ ಕೈ ಇಲ್ಲ ಅಂದ್ರ ನಾ ಹ್ಯಾಂಗ ನಂಬಲಿ? ಕೈಯಿಲ್ಲದ ಗೌಂಡಿನ್ನ ಎಲ್ಲಿ ನೋಡೀದಿ?"

ಗೂಡಿನಿಂದ ಪುಸ್ತಕ ತೆಗೆದುಕೊಟ್ಟಳು. ನಾನು ಅವಳಿಗೆ ಬಿಡಿಸಿ ಹೇಳಿದೆ. "ಒಳಗ ನೀ ಏನರ ತಿಳ್ಕೋ ಬೇ. ಅಯ್ನೋರ ಮುಂದ ಪುಸ್ತಕದಾಗ ಇದ್ದದ್ದು ಅನ್ನು. ದೇವರಿಗೆ ಮೈ ಇಲ್ಲ ಅನ್ನು. ನೀರು ಹಾಕಿಸ್ಕೊಂಡು ಬಾ. ಆಮ್ಯಾಲೆ ನಿನ್ನ ಮನಸ್ಸಿನಾಗ ಯಾರು ಇಣುಕಿ ನೋಡ್ತಾರ?" ಹೂಂ ಎಂದಳು. ಅವಳು ಹೂಂ ಎಂದರೆ ಒಪ್ಪಿದಳು ಎಂದು ನಾನು ತಿಳಿದೆ. ಇಪ್ಪತ್ತಾರು ವರ್ಷ ಮಗಳಾಗಿದ್ದು ಅವಳ ಹೂಂ ಏನು ಎಂದು ತಿಳಿದಿರಲಿಲ್ಲ.

ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ, ಅಯ್ಯನವರ ಮನೆಯ ಪಡಸಾಲೆಯಲ್ಲಿ. ಅವ್ವ ಒಗೆದ ಸೀರೆ ಉಟ್ಟು ಚಾಪೆಯ ಮೇಲೆ ಕುಳಿತಿದ್ದಳು. ನಾನು ಬಾಗಿಲಲ್ಲಿ. ಅಯ್ಯನವರು ಅಂಥ ಹೊತ್ತಿನಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಒಂದರಿಂದ ಆರರ ತನಕ ಅವ್ವ ಎಡವಲಿಲ್ಲ. ಹಿರಿಯರಲ್ಲೊಬ್ಬರು ತಲೆದೂಗಿದರು.

"ದೇವರಿಗೆ ದೇಹವುಂಟೋ?"

ಅವ್ವ ನನ್ನ ಕಡೆ ನೋಡಲಿಲ್ಲ. "ಐತ್ರಿ" ಎಂದಳು.

ಅಯ್ಯನವರು ಸರಿಯಾಗಿ ಕೇಳಿಸಲಿಲ್ಲ ಎನ್ನುವಂತೆ ಮುಂದೆ ಬಾಗಿದರು. "ಇನ್ನೊಮ್ಮೆ ಯೋಚನೆ ಮಾಡಿ ಹೇಳಿರಿ."

"ಐತ್ರಿ. ಮಾಂಸ ಐತಿ, ಎಲುಬ ಐತಿ. ಮಗನಿಗೂ ಐತಿ. ಮೂರೂ ಮಂದಿ ಬ್ಯಾರೆ ಬ್ಯಾರೆ, ಮನಸ್ಸು ಒಂದು."

ತಲೆದೂಗಿದ್ದ ಹಿರಿಯರು ನಕ್ಕುಬಿಟ್ಟರು. "ಗರಗದಾಗ ನೇದ ದೇವರೇನವ್ವಾ ಇದು?"

"ನಗಬ್ಯಾಡ್ರಿ" ಎಂದಳು ಅವ್ವ. "ಮಗಗ ಮೈ ಇತ್ತು ಅಂತ ನೀವ ಹೇಳ್ತೀರಿ. ಮಕ್ಕಳು ಅಪ್ಪನಂಗ ಇರೂದಿಲ್ಲೇನು?"

"ಮಗನು ನಮಗೋಸ್ಕರ ದೇಹ ಧರಿಸಿದನು" ಎಂದರು ಅಯ್ಯನವರು. "ತಂದೆಗೆ ದೇಹವಿಲ್ಲ. ಇದ್ದರೆ ಆತನು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದವನಾದಾನು. ನೀವು ಹೇಳಿದ್ದು ಸಣ್ಣ ತಪ್ಪಲ್ಲ. ಇದನ್ನು ನಿಮಗೆ ಯಾರು ಕಲಿಸಿದರು?"

ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು. ನಾನು ಚೌಕಟ್ಟು ಹಿಡಿದು ನಿಂತಿದ್ದೆ. ನಾನು ಕಲಿಸಿದ್ದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಮುದುಕಿಗೆ ಮಗಳು ತಪ್ಪು ಹೇಳಿಕೊಟ್ಟಿದ್ದಾಳೆ, ತಿದ್ದೋಣ ಎಂದು ಅವರು ಆವತ್ತೇ ಮತ್ತೆ ಕೂಡಿಸುತ್ತಿದ್ದರು. ಆದರೆ ನನ್ನನ್ನು ಕರ್ತನ ಭೋಜನದಿಂದ, ಸಭೆಯವರೆಲ್ಲ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪಂಕ್ತಿಯಿಂದ, ಹೊರಗೆ ಇಡುತ್ತಿದ್ದರು. ಬಂಗಲೆಯ ಕೆಲಸಕ್ಕೆ ನನ್ನನ್ನು ಹಚ್ಚಿದವರು ಆ ನಕ್ಕ ಹಿರಿಯರೇ. ಅದೂ ಹೋಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

"ಯಾರೂ ಕಲಿಸಿಲ್ರಿ" ಎಂದಳು ಅವ್ವ. "ನೂಲು ತಗೀತಿದ್ದೆ, ಹೊಳೀತು."

ಈಸ್ಟರ್ ಹಬ್ಬದ ಮುಂದೆ ಮತ್ತೊಮ್ಮೆ ಕೇಳುತ್ತೇವೆ ಎಂದು ಅಯ್ಯನವರು ಪುಸ್ತಕ ಮುಚ್ಚಿದರು. ಅದಕ್ಕೆ ಇನ್ನೂ ಏಳೆಂಟು ವಾರವಿತ್ತು.

ದಾರಿಯಲ್ಲಿ ನಾನು ಅವ್ವನನ್ನು ಬೈದೆ. ತಪ್ಪು ನನ್ನದಾಗಿತ್ತು, ಅದಕ್ಕೇ ಜೋರಾಗಿ ಬೈದೆ. "ಒಂದ ಮಾತು ಅನ್ನಾಕ ನಿನಗೇನ್ ಧಾಡಿ ಆಗಿತ್ತು? ಆ ಜಾಗಾ ಕಳ್ಕೊಂಡಿ ನೋಡು!" ಅವಳು ಸೆರಗು ಸರಿಮಾಡಿಕೊಂಡು ನಡೆದಳು. ಕಂಪೌಂಡಿನ ಬಾಗಿಲಲ್ಲಿ ನಿಂತು ಹೇಳಿದಳು: "ಅನ್ನಬೇಕಂತನ ಹೋಗಿದ್ದೆ. ಬಾಯಿಗೆ ಬರಲಿಲ್ಲ. ದೇವರು ಅಲ್ಲಿ ಕೈಕಾಲು ಇಟ್ಕೊಂಡು ಕುಂತಾನ ಅಂತ ತಿಳದ ಮ್ಯಾಲೆ, ಇಲ್ಲ ಅನ್ನೂದು ಹ್ಯಾಂಗ? ಮನಿಯೊಳಗ ಇದ್ದವರನ್ನ ಇಲ್ಲ ಅಂದಂಗ ಆಗತೈತಿ."

ಮೂರು ವಾರಕ್ಕೆ ಕೆಮ್ಮು ಜ್ವರಕ್ಕೆ ತಿರುಗಿತು. ಮಿಶನ್ ದವಾಖಾನೆಯ ಡಾಕ್ಟರು ಬಂದು ಎದೆಗೆ ಕೊಳವೆ ಹಚ್ಚಿ ನೋಡಿ, ಎರಡೂ ಪುಪ್ಪುಸದಲ್ಲಿ ಕಫ ತುಂಬಿದೆ ಎಂದರು. ನಾನು ಬಂಗಲೆಗೆ ಹೋಗುವುದು ಬಿಟ್ಟೆ. ಐದನೆಯ ದಿನ ಮಧ್ಯಾಹ್ನ ಅಯ್ಯನವರು ತಾವಾಗಿಯೇ ಬಂದರು. ಕೈಯಲ್ಲಿ ಸಣ್ಣ ತಂಬಿಗೆ, ಅದರ ಮೇಲೆ ಬಿಳಿ ವಸ್ತ್ರ. ಬಿಸಿಲಲ್ಲಿ ನಡೆದು ಬಂದಿದ್ದರು. ಅವ್ವನ ಪಕ್ಕ ನೆಲದ ಮೇಲೆಯೇ ಕುಳಿತರು. ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿನಲ್ಲಿ ಹೇಳಿದರು:

"ಅವ್ವಾರ, ನಲವತ್ತು ಪ್ರಶ್ನಿ ಬ್ಯಾಡ. ಹಿರೇರು ಬ್ಯಾಡ. ನಾ ಒಬ್ಬನ ಅದೇನಿ. ದೇವರು ಆತ್ಮ, ನಾ ತಿಳದದ್ದು ತಪ್ಪು, ಅಷ್ಟ ಅನ್ರಿ. ತಲಿ ಅಲ್ಲಾಡಿಸಿದ್ರೂ ಆತು. ನೀರು ತಂದೇನಿ."

ಅವ್ವನ ಉಸಿರು ಗೊರಗೊರ ಎನ್ನುತ್ತಿತ್ತು. ಕಣ್ಣು ತೆರೆದಳು. "ನಾನೂ ಒಂದ ಮಾತು ಕೇಳ್ತೇನ್ರಿ. ನೀವು ಹೌದನ್ರಿ, ನಾನೂ ಹೌದಂತೇನಿ."

"ಕೇಳ್ರಿ."

"ಅಲ್ಲಿ ಅಂವ ನನ್ನ ಗಂಡ ಆಗಿರ್ತಾನೇನ್ರಿ?"

ನಾನು ಅವ್ವನ ತಲೆಯ ಹಿಂದೆ ನಿಂತು ಕೈ ಮುಗಿದೆ. ಅವ್ವನಿಗೆ ಕಾಣದ ಹಾಗೆ, ಅವರಿಗೆ ಕಾಣುವ ಹಾಗೆ. ಒಂದು ಸುಳ್ಳು. ಹೌದು ಎಂದರೆ ಮುಗಿಯಿತು. ಅವರು ತಂಬಿಗೆಯ ಮೇಲಿನ ವಸ್ತ್ರ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ.

"ಇಲ್ಲವ್ವಾ" ಎಂದರು. "ನನಗ ಹಂಗ ಹೇಳಾಕ ಬರೂದಿಲ್ಲ."

"ಹಂಗಾರ ನನಗೂ ಬರೂದಿಲ್ರಿ" ಎಂದಳು ಅವ್ವ. ಗೋಡೆಯ ಕಡೆ ಹೊರಳಿದಳು. ದೀಪ ಹಚ್ಚುವ ಹೊತ್ತಿಗೆ ಹೋದಳು.

ಅಯ್ಯನವರು ಸುಳ್ಳು ಹೇಳಲಿಲ್ಲ, ಅವ್ವ ಹೇಳಲಿಲ್ಲ. ಆ ಖೋಲಿಯಲ್ಲಿ ಸುಳ್ಳು ಬೇಕಾಗಿದ್ದವಳು ನಾನೊಬ್ಬಳೇ. ಅಯ್ಯನವರನ್ನು ಬಹಳ ವರ್ಷ ಮನಸ್ಸಿನಲ್ಲೇ ಬೈದೆ. ಈಗ ಬೈಯುವುದಿಲ್ಲ. ಆದರೆ ಅವರು ಮಾಡಿದ್ದು ಸರಿ ಎಂದು ಹೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ.

ಗರಗಕ್ಕೆ ಹೇಳಿ ಕಳಿಸಿದೆ. ಬೆಳಗಾದ ಮೇಲೆ ಸೋದರಮಾವ ಒಬ್ಬನೇ ಬಂದು ಅಂಗಳದಲ್ಲಿ ನಿಂತ, ಒಳಗೆ ಬರಲಿಲ್ಲ. "ಊರಾಗ ತರಬ್ಯಾಡ ಅಂತಾರವ್ವಾ" ಎಂದ. ಒಂದು ಹೊಸ ಖಾದಿ ಸೀರೆ ತಂದಿದ್ದ, ಹೆಣದ ಮೇಲೆ ಹೊದಿಸಲು. ಹೊಸ್ತಿಲ ಮೇಲಿಟ್ಟು ಹೋದ.

ಅಯ್ಯನವರು ಹಿರಿಯರ ಜೊತೆ ಮಾತಾಡಿ, ಮಸಣದ ಗೋಡೆಯ ಹೊರಗೆ, ಅಪ್ಪನ ಗೋರಿಗೆ ಆದಷ್ಟು ಹತ್ತಿರ, ಕುಣಿ ತೋಡಿಸಿದರು. ನಡುವೆ ಎಂಟು ಮಾರು ಇರಬಹುದು. ಆ ಗೋಡೆ ಕಟ್ಟಿದವನು ಅಪ್ಪನೇ. ಕಲ್ಲಿನ ಸಂದು ನೋಡಿದರೆ ಅವನ ಕೈ ಗೊತ್ತಾಗುತ್ತಿತ್ತು. ಅಯ್ಯನವರು ನಿಲುವಂಗಿ ಹಾಕದೆ ಬಂದು ನಿಂತರು. ವಿಧಿ ಓದುವ ಹಾಗಿರಲಿಲ್ಲ, ಓದಲಿಲ್ಲ. ಒಂದು ಹಿಡಿ ಮಣ್ಣು ಹಾಕಿದರು. ನಕ್ಕಿದ್ದ ಹಿರಿಯರು ಬರಲೇ ಇಲ್ಲ.

ಆವತ್ತು ಸಂಜೆ ಸಾಹೇಬರು ಖೋಲಿಗೆ ಬಂದರು, ಜೊತೆಗೆ ಕಾಕಾ. ಬಾಗಿಲು ಗಿಡ್ಡ, ಸಾಹೇಬರು ಬಗ್ಗಿ ನಿಂತೇ ಮಾತಾಡಿದರು. ಆಗಿದ್ದೆಲ್ಲ ಕಾಕಾ ಅವರಿಗೆ ಹೇಳಿದ್ದನಂತೆ. ತಮ್ಮ ಮಾತಿನಿಂದ ಹೀಗಾಯಿತೇ ಎಂದು ಕೇಳಿದರು. "ಅವರ ಮಾತಿನಿಂದಲ್ಲ, ಅದನ್ನ ಹೊತ್ಕೊಂಡು ಬಂದಾಕಿ ನಾನು ಅಂತ ಹೇಳು" ಎಂದೆ.

ಸಾಹೇಬರು ಇನ್ನೊಂದು ಮಾತು ತಂದಿದ್ದರು. ಕಾಕಾ ಈ ಸಲ ಶಿಲುಬೆ ಹಾಕಿಕೊಳ್ಳಲಿಲ್ಲ, ತಲೆ ಕೆಳಗೆ ಮಾಡಿಕೊಂಡು ಹೇಳಿದ. "ಅವರ ದೇಶದ ದೊಡ್ಡ ಗುಡಿಯೊಳಗ, ಸತ್ತವರ ಹೆಸರಿನ ಮ್ಯಾಲೆ ಬದುಕಿದವರೊಬ್ಬರು ನೀರಾಗ ಮುಳುಗಿ ಏಳಬಹುದಂತ. ಆಮ್ಯಾಲೆ ಗಂಡ ಹೆಂಡ್ತಿ ಹೆಸರು ಕೂಡಿಸಿ ಲಗ್ನಾನೂ ಮಾಡಬಹುದಂತ. ಅವರ ಹಿರೇರನ್ನ ಕೇಳಬೇಕು, ಆಗತೈತೋ ಇಲ್ಲೋ ಗೊತ್ತಿಲ್ಲ, ಬರೆದು ಕೇಳ್ತೇನಿ ಅಂತಾರ. ನಿಮ್ಮವ್ವಂದು, ನಿಮ್ಮಪ್ಪಂದು, ಇಬ್ಬರ ಹೆಸರೂ ಬೇಕಂತ."

"ಅಪ್ಪಂದ್ಯಾಕ? ಅಪ್ಪಗ ನೀರು ಆಗೇತಲ್ಲ."

ಕಾಕಾ ಸಾಹೇಬರನ್ನು ಕೇಳಿದ. ಉತ್ತರ ಬರುವ ಮೊದಲೇ ಸಾಹೇಬರ ಮುಖ ಕೆಂಪಾಯಿತು.

"ಆ ನೀರು ಅವರಲ್ಲಿ ನಡ್ಯಂಗಿಲ್ಲಂತ" ಎಂದ ಕಾಕಾ. "ನಂದೂ ನಡ್ಯಂಗಿಲ್ಲಂತ. ಬ್ಯಾಸರ ಮಾಡ್ಕೋಬ್ಯಾಡ."

ನನಗೆ ರೇಗಿತು. "ನಮ್ಮ ಅಯ್ನೋರಿಗೆ ಅವ್ವ ಸಾಲಲಿಲ್ಲ, ಇವರಿಗೆ ಅಪ್ಪನೂ ಸಾಲಂಗಿಲ್ಲ! ಹೋಗ್ರಿ ಅನ್ನು ಕಾಕಾ. ಇವತ್ತ ನನಗ ಯಾರ ದೇವರೂ ಬ್ಯಾಡ." ಕಾಕಾ ಅದನ್ನು ಹಾಗೆಯೇ ಹೇಳಿದನೋ ಮೆತ್ತಗೆ ಮಾಡಿ ಹೇಳಿದನೋ ಗೊತ್ತಿಲ್ಲ. ಸಾಹೇಬರು ಟೊಪ್ಪಿಗೆ ಎದೆಗೆ ಹಿಡಿದು ಬಗ್ಗಿಕೊಂಡೇ ಹೊರಗೆ ಹೋದರು.

ಗೋಡೆಯ ಒಳಗೊಬ್ಬರು ಹೊರಗೊಬ್ಬರು ಎಂಬುದು ರಾತ್ರಿಯೆಲ್ಲ ಕಾಡಿತು. ಮರುದಿನ ಬೆಳಿಗ್ಗೆ ಎದ್ದು ಬಂಗಲೆಗೆ ಹೋದೆ. ಸಾಹೇಬರು ಪಡಸಾಲೆಯಲ್ಲಿ ಯಂತ್ರದ ನಕ್ಷೆ ಹರವಿಕೊಂಡು ಕುಳಿತಿದ್ದರು. ಕಾಕಾನನ್ನು ಕರೆದುಕೊಂಡು ಅವರ ಮುಂದೆ ಹೋಗಿ ನಿಂತೆ.

"ಒಂದ ಕೇಳು ಕಾಕಾ. ಇಲ್ಲಿ ಯಾರೋ ಮುಳುಗಿ ಎದ್ದರೂ, ಅಲ್ಲಿ ಅವ್ವಗ ಬ್ಯಾಡಾದ್ರ ಬ್ಯಾಡ ಅನ್ನಬಹುದೇನು?"

ಕಾಕಾ ಕೇಳಿದ. "ಅನ್ನಬಹುದಂತ. ಜುಲುಮಿ ಇಲ್ಲಂತ. ಅಕಿ ಒಪ್ಪಿದ್ರ ಅಷ್ಟ ಅಂತ."

"ಅಲ್ಲಿ ಯಾರೂ ಅಕಿನ್ನ ಪ್ರಶ್ನಿ ಕೇಳಂಗಿಲ್ಲಲ್ಲ?"

ಸಾಹೇಬರು ಕಾಗದ, ಪೆನ್ಸಿಲ್ ಮುಂದೆ ಸರಿಸಿದರು. ನಮ್ಮ ಹೆಸರು ಅವರ ಕೈಗೆ ಬರೆಯಲು ಬರುತ್ತಿರಲಿಲ್ಲ. ಮೇಜಿನ ಬದಿಗೆ ನಿಂತು, ನನಗೆ ಬಂದ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ ಅವ್ವನ ಹೆಸರು ಬರೆದೆ. ಅದರ ಪಕ್ಕದಲ್ಲಿ ಅಪ್ಪನ ಹೆಸರು. ಅವ್ವ ಹುಟ್ಟಿದ ವರ್ಷ ಯಾವುದು ಎಂದು ಕಾಕಾನ ಬಾಯಲ್ಲಿ ಕೇಳಿಸಿದರು. ಗೊತ್ತಿಲ್ಲ ಎಂದೆ. ಊರು? ಗರಗ ಎಂದೆ. ಪೆನ್ಸಿಲ್ ಅಲ್ಲೇ ಇಟ್ಟು ಒಳಗೆ ಹೋಗಿ ಒಲೆ ಹೊತ್ತಿಸಿದೆ.